ಲಸಿಕೆ ಬೇಡ ಅಂತ ಧರ್ಮದ ಕಾರಣ ಕೊಟ್ಟೆ, ಕೆಲಸ ಹೋಯಿತು. ಈಗ ಏನಾದರೂ ಮಾಡಬಹುದಾ?

ಬೇಸ್ಮೆಂಟ್‌ಕೋಡರ್

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಮೂಡುಬಿದಿರೆ ಹತ್ತಿರ. ಜೈನರು. ಈಗ ಇರುವುದು ನ್ಯೂಜೆರ್ಸಿಯಲ್ಲಿ. ನಾನು ಮೆಡಿಕಲ್ ಕೋಡರ್. ಅಂದರೆ ಡಾಕ್ಟರ್ ಬರೆದಿದ್ದನ್ನು ಓದಿ ಕಾಯಿಲೆಗೆ ಒಂದು ಕೋಡ್, ಚಿಕಿತ್ಸೆಗೆ ಒಂದು ಕೋಡ್ ಹಾಕುವುದು, ಅದನ್ನು ನೋಡಿ ಇನ್ಶೂರೆನ್ಸ್‌ನವರು ದುಡ್ಡು ಕೊಡುತ್ತಾರೆ. ಗಂಡನದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಹೆಂಡತಿ ಅಂತ ಸಿಕ್ಕ ಎಚ್-4. ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡ್ ಬಂದ ಮೇಲೆ 2016ರಲ್ಲಿ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೆಸರು ಬೇಡ. ಮೊದಲು ಆಫೀಸಿಗೆ ಹೋಗುತ್ತಿದ್ದೆ. ಪ್ರತಿ ಅಕ್ಟೋಬರ್ ಫ್ಲೂ ಲಸಿಕೆ ಕಡ್ಡಾಯ. ಅದನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ, ನಾವು ಮೊಟ್ಟೆ ಮುಟ್ಟುವುದಿಲ್ಲ ಅಂತ ಬರೆದುಕೊಟ್ಟೆ. ಒಂದೇ ಮಾತಿಗೆ ಒಪ್ಪಿದರು. ಬ್ಯಾಡ್ಜಿಗೆ ಒಂದು ಸ್ಟಿಕ್ಕರ್, ಚಳಿಗಾಲ ಪೂರ್ತಿ ಮಾಸ್ಕ್, ಅಷ್ಟೇ.

2020ರ ಮಾರ್ಚ್‌ನಿಂದ ಪೂರ್ತಿ ಮನೆಯಿಂದಲೇ ಕೆಲಸ. ಬೇಸ್ಮೆಂಟ್‌ನಲ್ಲಿ ಎರಡು ಮಾನಿಟರ್, ಪಕ್ಕದಲ್ಲಿ ವಾಷಿಂಗ್ ಮೆಷಿನ್. ಒಬ್ಬ ರೋಗಿಯ ಮುಖ ನೋಡಿದವಳಲ್ಲ. 2021ರಲ್ಲಿ ಕೋವಿಡ್ ಲಸಿಕೆ ಎಲ್ಲರಿಗೂ ಕಡ್ಡಾಯ ಅಂತ ಮೇಲ್ ಬಂತು, ಮನೆಯಿಂದ ಕೆಲಸ ಮಾಡುವವರಿಗೂ. ಅದರಲ್ಲಿ ಮೊಟ್ಟೆ ಇಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ್ದು, ಭ್ರೂಣದಿಂದ ಬಂದ ಜೀವಕೋಶದ ಮೇಲೆ ಪರೀಕ್ಷೆ ಮಾಡಿದ್ದು, ಇದೆಲ್ಲ ಓದಿ ಮನಸ್ಸು ಒಪ್ಪಲಿಲ್ಲ. ವಿನಾಯಿತಿಗೆ ಅರ್ಜಿ ಹಾಕಿದೆ.

ಇಲ್ಲೇ ನಾನು ಎಡವಿದ್ದು. ಇಂಗ್ಲಿಷಿನಲ್ಲಿ ಅಹಿಂಸೆ, ವ್ರತ ಅಂತೆಲ್ಲ ಹೇಗೆ ಬರೆಯುವುದು ಅಂತ ಗೊತ್ತಾಗದೆ, ಜೊತೆಯವಳು ಕಳಿಸಿದ ಒಂದು ಮಾದರಿ ಪತ್ರ ತಗೊಂಡು ಅಲ್ಲಿಲ್ಲಿ ತಿದ್ದಿ ಕಳಿಸಿದೆ. ಅದು ಚರ್ಚಿನವರ ಪತ್ರ. ಮೂಲದಲ್ಲಿ ಈ ದೇಹ ಪವಿತ್ರಾತ್ಮನ ಆಲಯ ಅಂತ ಇತ್ತು, ನಾನು ಪವಿತ್ರಾತ್ಮ ತೆಗೆದು ಬರೀ ಆತ್ಮ ಅಂತ ಹಾಕಿದೆ! ಆಮೇಲೆ ವಿಡಿಯೋ ಕಾಲ್‌ನಲ್ಲಿ ಮೂರು ಜನ ಕೂತು ಕೇಳಿದರು. ಯಾವ ಗ್ರಂಥದಲ್ಲಿ ಲಸಿಕೆ ಬೇಡ ಅಂತ ಬರೆದಿದೆ? ನಿಮ್ಮ ಗುರುಗಳಿಂದ ಪತ್ರ ತರಬಹುದಾ? ಜ್ವರ, ನೋವಿಗೆ ಟೈಲೆನಾಲ್ ತಗೊಳ್ಳುತ್ತೀರಾ? ಮಾತ್ರೆ ತಗೊಳ್ಳುತ್ತೇನೆ, ಕ್ಯಾಪ್ಸೂಲ್ ತಗೊಳ್ಳುವುದಿಲ್ಲ, ಅದರ ಹೊದಿಕೆ ಜೆಲಾಟಿನ್ ಅಂದೆ. ಅದನ್ನು ಯಾರೂ ಬರೆದುಕೊಂಡ ಹಾಗೆ ಕಾಣಲಿಲ್ಲ. ಸೂರ್ಯ ಮುಳುಗಿದ ಮೇಲೆ ಊಟ ಮಾಡದ ಮನೆ ನಮ್ಮದು. ನೀರು ಸೋಸಿ ಕುಡಿಯುವುದು, ಈರುಳ್ಳಿ ಆಲೂಗಡ್ಡೆ ಇಲ್ಲ. ಯಾಕೆ ಅಂತ ಅಜ್ಜಿಯನ್ನು ಯಾವತ್ತೂ ಕೇಳಿದ್ದಿಲ್ಲ. ಪುಟದ ಸಂಖ್ಯೆ ಎಲ್ಲಿಂದ ಕೊಡಲಿ?

ಅರ್ಜಿ ತಿರಸ್ಕಾರ ಆಯಿತು, 2021ರ ಡಿಸೆಂಬರ್‌ನಲ್ಲಿ ಕೆಲಸ ಹೋಯಿತು. ಲ್ಯಾಪ್‌ಟಾಪ್ ವಾಪಸ್ ಕಳಿಸಲು ಖಾಲಿ ಡಬ್ಬ ಬಂತು. ಪತ್ರದಲ್ಲಿ ಮಾತ್ರ ನಾನೇ ಸ್ವಂತ ಇಷ್ಟದಿಂದ ರಾಜೀನಾಮೆ ಕೊಟ್ಟ ಹಾಗೆ ಬರೆದಿದ್ದರು.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಮಿಷಿಗನ್‌ನಲ್ಲಿ ಮನೆಯಿಂದಲೇ ಐಟಿ ಕೆಲಸ ಮಾಡುತ್ತಿದ್ದು, ಧರ್ಮದ ಕಾರಣಕ್ಕೆ ಲಸಿಕೆ ಬೇಡ ಅಂದು ಕೆಲಸ ಕಳೆದುಕೊಂಡ ಹೆಂಗಸೊಬ್ಬರಿಗೆ 2024ರ ನವೆಂಬರ್‌ನಲ್ಲಿ ಜ್ಯೂರಿ ಸುಮಾರು 1.27 ಕೋಟಿ ಡಾಲರ್ ಕೊಡಿಸಿತು ಅನ್ನುವ ಸುದ್ದಿ ಓದಿದೆ. ನನ್ನ ಕಥೆಯೇ ಓದಿದ ಹಾಗಾಯಿತು. ಇನ್ನೊಂದು, ಈಗ ಹೊಸ ಕಡೆ ಅರ್ಜಿ ಹಾಕುತ್ತಿದ್ದೇನೆ, ಫಾರ್ಮ್‌ನಲ್ಲಿ ಹಿಂದಿನ ಕೆಲಸ ಬಿಟ್ಟ ಕಾರಣ ಕೇಳಿದ್ದಾರೆ. ಏನು ಬರೆಯಲಿ?

ಎಡಿಸನ್‌ವಾಸಿ

ಮೇಡಂ, ನೇರವಾಗಿ ಹೇಳುತ್ತೇನೆ, ಕೋಪ ಮಾಡ್ಕೋಬೇಡಿ. ಪ್ರಾಣಿಗಳ ಮೇಲೆ ಪ್ರಯೋಗ ಮಾಡದ ಔಷಧ ಯಾವುದಿದೆ? ನೀವು ಹೇಳಿದ ಆ ಟೈಲೆನಾಲ್ ಕೂಡ ಅಲ್ಲಿಂದಲೇ ಬಂದಿದ್ದು. ಭ್ರೂಣದ ಕೋಶದ ಮೇಲೆ ಅದನ್ನೂ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಕನ್ಸಾದ ಒಂದು ಆಸ್ಪತ್ರೆ 2021ರಲ್ಲಿ ವಿನಾಯಿತಿ ಕೇಳಿದವರಿಂದ ಟೈಲೆನಾಲ್, ಎದೆಯುರಿಯ ಟಮ್ಸ್ ಮಾತ್ರೆ ಎಲ್ಲ ಬಿಡುತ್ತೇವೆ ಅಂತ ಬರೆಸಿಕೊಂಡಿತ್ತು, ಗೊತ್ತಲ್ವಾ? ಊರಲ್ಲಿ ನಿಮ್ಮ ಅಪ್ಪ ಅಮ್ಮ ಹಾಕಿಸಿಕೊಂಡರೋ ಇಲ್ಲವೋ?

ಬೇಸ್ಮೆಂಟ್‌ಕೋಡರ್

ಹಾಕಿಸಿಕೊಂಡರು. ಇಬ್ಬರೂ ಎರಡೂ ಡೋಸ್, ಕೋವಿಶೀಲ್ಡ್. ಬಸದಿ ಪಕ್ಕದ ಶಾಲೆಯಲ್ಲೇ ಹಾಕಿದರಂತೆ. ಅಪ್ಪನಿಗೆ ನನ್ನ ವಿಷಯ ಹೇಳಿದಾಗ ಒಂದು ನಿಮಿಷ ಮಾತಾಡಲಿಲ್ಲ, ಆಮೇಲೆ ನಿನ್ನ ವ್ರತ ನಿನ್ನದು ಅಂದರು.

ಕಡತದ_ಗುಮಾಸ್ತ

ಅಕ್ಕ, ನಾನು ಇಲ್ಲೇ ಒಂದು ಲಾ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕ. ವಕೀಲ ಅಲ್ಲ, ಇದು ಸಲಹೆಯೂ ಅಲ್ಲ, ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಎಡಿಸನ್ ಅಣ್ಣನ ಪ್ರಶ್ನೆಗೆ. ಅಪ್ಪ ಅಮ್ಮ ಹಾಕಿಸಿಕೊಂಡರು ಅನ್ನುವುದು ಕಾನೂನಿಗೆ ಮುಖ್ಯವೇ ಅಲ್ಲ. 1981ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿದ ಒಂದು ಕೇಸಿದೆ. ಇಂಡಿಯಾನಾದ ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಯೆಹೋವನ ಸಾಕ್ಷಿ ಪಂಥದವನೊಬ್ಬನನ್ನು ಯುದ್ಧದ ಟ್ಯಾಂಕಿಗೆ ಗೋಪುರ ಮಾಡುವ ವಿಭಾಗಕ್ಕೆ ಹಾಕಿದರು. ನನ್ನ ಧರ್ಮ ಒಪ್ಪುವುದಿಲ್ಲ ಅಂತ ಬಿಟ್ಟ. ಅದೇ ಪಂಥದ ಇನ್ನೊಬ್ಬ ಅದೇ ಕೆಲಸ ಆರಾಮಾಗಿ ಮಾಡುತ್ತಿದ್ದ! ನಿರುದ್ಯೋಗ ಭತ್ಯೆ ಕೊಡುವುದಿಲ್ಲ ಅಂದರು. ಕೋರ್ಟ್ ಬಿಟ್ಟವನ ಪರ ನಿಂತಿತು. ಪಂಥದವರೆಲ್ಲ ಒಪ್ಪಬೇಕು ಅಂತಿಲ್ಲ, ಆ ವ್ಯಕ್ತಿ ಪ್ರಾಮಾಣಿಕವಾಗಿ ನಂಬಿದ್ದಾನಾ ಅನ್ನುವುದೇ ಪ್ರಶ್ನೆ. ಹಾಗಾಗಿ ಗ್ರಂಥದ ಪುಟ, ಗುರುಗಳ ಪತ್ರ ಯಾವುದೂ ಬೇಕಿರಲಿಲ್ಲ. ಕೇಳಿದವರಿಗೆ ಭಾನುವಾರ ಚರ್ಚಿಗೆ ಹೋಗುವ ಧರ್ಮ ಮಾತ್ರ ಗೊತ್ತಿತ್ತು ಅನಿಸುತ್ತೆ.

ಈಗ ನಿಮ್ಮ ವಿಷಯ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಟೈಟಲ್ ಸೆವೆನ್ ಪ್ರಕಾರ ಕೆಲಸದವರ ಧರ್ಮಕ್ಕೆ ಹೊಂದಿಸಿಕೊಡಬೇಕು, ಕಂಪನಿಗೆ ಅತಿಯಾದ ಹೊರೆ ಆಗದಿದ್ದರೆ. ಈ ಹೊರೆ ಎಷ್ಟು ಅನ್ನುವುದರಲ್ಲೇ ಎಲ್ಲ ಗಲಾಟೆ. 1977ರ ಒಂದು ತೀರ್ಪಿನಲ್ಲಿ ಅಲ್ಪಸ್ವಲ್ಪಕ್ಕಿಂತ ಜಾಸ್ತಿ ಖರ್ಚಾದರೂ ಸಾಕು, ಕಂಪನಿ ಇಲ್ಲ ಅನ್ನಬಹುದು ಅಂತ ಆಗಿತ್ತು. 46 ವರ್ಷ ಅದೇ ನಡೆಯಿತು. 2023ರ ಜೂನ್ 29ಕ್ಕೆ ಗ್ರಾಫ್ ಕೇಸಿನಲ್ಲಿ ಬದಲಾಯಿತು. ಭಾನುವಾರ ಪಾರ್ಸೆಲ್ ಹಂಚುವುದಿಲ್ಲ ಅಂದ ಪೋಸ್ಟ್‌ಮ್ಯಾನ್ ಕೇಸ್ ಅದು. ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ಮಾತಲ್ಲಿ, ಆ ವ್ಯವಹಾರಕ್ಕೆ ಗಣನೀಯ ಹೊರೆ ಆಗುತ್ತೆ ಅಂತ ತೋರಿಸಬೇಕು ಅಂದರು. ಆಮೇಲೆ ಬಂದ ದೊಡ್ಡ ತೀರ್ಪುಗಳಿಗೆ ಇದರಿಂದ ಬಲ ಬಂತು. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬಾರ್ಟ್ ರೈಲಿನಲ್ಲಿ ಲಸಿಕೆ ಬೇಡ ಅಂದು ಕೆಲಸ ಕಳೆದುಕೊಂಡ 6 ಜನರಿಗೆ 2024ರ ಅಕ್ಟೋಬರ್‌ನಲ್ಲಿ ಜ್ಯೂರಿ 78 ಲಕ್ಷ ಡಾಲರ್‌ಗೂ ಜಾಸ್ತಿ ಕೊಡಿಸಿತು. ಆದರೆ ಜ್ಯೂರಿ ಹೇಳಿದ್ದೆಲ್ಲ ಕೈಗೆ ಬರುವುದಿಲ್ಲ. ಟೈಟಲ್ ಸೆವೆನ್‌ನಲ್ಲಿ ಮನಸ್ಸಿಗಾದ ನೋವಿಗೂ ದಂಡಕ್ಕೂ ಸೇರಿ ಎಷ್ಟೇ ದೊಡ್ಡ ಕಂಪನಿ ಆದರೂ 3 ಲಕ್ಷ ಡಾಲರ್ ಮಿತಿ ಇದೆ, ಬಾಕಿ ಸಂಬಳ ಅದರ ಹೊರಗೆ.

ಎಲ್ಲರೂ ಗೆಲ್ಲುತ್ತಿದ್ದಾರೆ ಅಂತಲೂ ಅಲ್ಲ. ವಾಷಿಂಗ್ಟನ್ ರಾಜ್ಯದ 8 ಅಗ್ನಿಶಾಮಕ ಸಿಬ್ಬಂದಿ 2025ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಸೋತರು. ಒಂದೇ ಠಾಣೆಯಲ್ಲಿ ಉಣ್ಣುವವರು, ಮಲಗುವವರು ಅವರು. ಆ ಅಪಾಯವೇ ಹೊರೆ ಅಂದಿತು ಕೋರ್ಟ್. ನೀವು ಬೇಸ್ಮೆಂಟ್‌ನಲ್ಲಿದ್ದವರು, ನಿಮ್ಮ ಕೇಸ್ ಅದಕ್ಕಿಂತ ಗಟ್ಟಿ. ಫೆಡರಲ್ ಸರ್ಕಾರ ಆಸ್ಪತ್ರೆಗಳಿಗೆ ಹಾಕಿದ ನಿಯಮದಲ್ಲೇ ಪೂರ್ತಿ ದೂರದಿಂದ ಕೆಲಸ ಮಾಡುವವರನ್ನು ಬಿಟ್ಟಿದ್ದರು. ನಿಮ್ಮವರು ತಾವಾಗಿಯೇ ಸೇರಿಸಿಕೊಂಡಿದ್ದು.

ಆದರೆ ತಾರೀಖು. ನ್ಯೂಜೆರ್ಸಿಯಲ್ಲಿ ಇಇಒಸಿಗೆ, ಅಂದರೆ ಕೆಲಸದಲ್ಲಿ ತಾರತಮ್ಯದ ದೂರು ನೋಡುವ ಫೆಡರಲ್ ಸಂಸ್ಥೆಗೆ, 300 ದಿನದೊಳಗೆ ದೂರು ಕೊಡಬೇಕು. ಅವರು ನೀವೇ ಕೋರ್ಟಿಗೆ ಹೋಗಿ ಅಂತ ಪತ್ರ ಕೊಟ್ಟರೆ ಅಲ್ಲಿಂದ 90 ದಿನ. ರಾಜ್ಯದ ಕಾನೂನಿನಲ್ಲಿ ಹೋಗುವುದಾದರೆ 2 ವರ್ಷ. ನೀವು ಆಗ ದೂರು ಕೊಟ್ಟಿದ್ದಿರಾ?

ಕ್ವೀನ್ಸ್‌_ನರ್ಸ್

ನಾನು ಮಂಗಳೂರಿನವಳು, ಕೆಥೊಲಿಕ್, ನ್ಯೂಯಾರ್ಕ್‌ನಲ್ಲಿ ನರ್ಸ್. ಇಡೀ ಥ್ರೆಡ್ ಓದಿ ಸ್ವಲ್ಪ ಸಿಟ್ಟು ಬಂತು, ಅದಕ್ಕೇ ಚಾ ಕುಡಿದು ಬಂದು ಬರೆಯುತ್ತಿದ್ದೇನೆ.

2020ರ ಏಪ್ರಿಲ್‌ನಲ್ಲಿ ನಾವಿದ್ದ ಆಸ್ಪತ್ರೆಯ ಹಿಂದೆ ಹೆಣ ಇಡಲು ಫ್ರಿಜ್ ಲಾರಿ ನಿಂತಿತ್ತು ಮಾರಾಯ್ರೆ. ಒಂದೇ ಎನ್95 ಮಾಸ್ಕನ್ನು ಕಾಗದದ ಚೀಲದಲ್ಲಿಟ್ಟು ವಾರಗಟ್ಟಲೆ ಹಾಕಿಕೊಂಡೆವು. ಲಸಿಕೆ ಬಂದ ದಿನ ಲೈನಿನಲ್ಲಿ ನಿಂತು ಅತ್ತಿದ್ದೇನೆ. ಆಮೇಲೆ ನೋಡಿದರೆ ನಮ್ಮವರದೇ ಪತ್ರಗಳು. ಭ್ರೂಣದ ಕೋಶ, ದೇಹ ದೇವರ ಆಲಯ. ವ್ಯಾಟಿಕನ್ 2020ರ ಡಿಸೆಂಬರ್‌ನಲ್ಲೇ ಹಾಕಿಸಿಕೊಳ್ಳಬಹುದು, ತಪ್ಪಿಲ್ಲ ಅಂತ ಹೇಳಿತ್ತು. ಪೋಪ್ ಫ್ರಾನ್ಸಿಸ್ 2021ರ ಆಗಸ್ಟ್‌ನಲ್ಲಿ ಇದು ಪ್ರೀತಿಯ ಕೆಲಸ ಅಂದರು. ಆ ಕೋಶ ಅನ್ನುವುದಾದರೂ 1970ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಒಂದು ಸಲ ತೆಗೆದದ್ದು, ಅದನ್ನೇ ಲ್ಯಾಬಿನಲ್ಲಿ ಬೆಳೆಸುತ್ತಾ ಬಂದಿದ್ದಾರೆ. ಜಿಮ್‌ನಲ್ಲಿ ಸಿಕ್ಕಸಿಕ್ಕ ಪುಡಿ ಎಲ್ಲ ಕುಡಿಯುವವರು ಕೂಡ ಆ ವಾರ ಭಕ್ತರಾದರು. ನ್ಯೂಯಾರ್ಕ್ ಆರೋಗ್ಯ ಸಿಬ್ಬಂದಿಗೆ ಧರ್ಮದ ವಿನಾಯಿತಿಯನ್ನೇ ಇಡಲಿಲ್ಲ, ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಅದನ್ನು ತಡೆಯಲೂ ಇಲ್ಲ. ಸರಿ ಅಂತಲೇ ನನಗೆ ಅನಿಸಿತ್ತು, ಈಗಲೂ ರೋಗಿಯ ಹಾಸಿಗೆ ಪಕ್ಕ ನಿಲ್ಲುವವರಿಗೆ ಅದೇ ಸರಿ ಅನಿಸುತ್ತೆ.

ಆದರೆ ಕೋಡರ್ ಅವರೇ, ನಿಮ್ಮ ಪೋಸ್ಟ್‌ನಲ್ಲಿ ಕ್ಯಾಪ್ಸೂಲ್ ಮಾತು ಓದಿ ಸ್ವಲ್ಪ ನಿಂತೆ. ನನ್ನ ಜೊತೆ ಪತ್ರ ಬರೆದವರಲ್ಲಿ ಒಬ್ಬರೂ ಅದಕ್ಕೆ ಮುಂಚೆ ಯಾವ ಔಷಧದಲ್ಲಿ ಏನಿದೆ ಅಂತ ಕೇಳಿದ್ದನ್ನು ನಾನು ನೋಡಿಲ್ಲ. ನೀವು ಮೊದಲಿಂದ ಕೇಳುತ್ತಾ ಬಂದವರು. ಆ ಮೂರು ಜನಕ್ಕೆ ಈ ವ್ಯತ್ಯಾಸ ಕಾಣಬೇಕಿತ್ತು. ಅವರ ಮುಂದೆ ಒಂದೇ ಥರದ ಹತ್ತಾರು ಪತ್ರ ಇದ್ದಿರಬೇಕು, ನಿಮ್ಮದೂ ಅದೇ ರಾಶಿಗೆ ಸೇರಿತು.

ಅಂದ ಹಾಗೆ, ಫ್ಲೂ ಲಸಿಕೆಯಲ್ಲಿ ಮೊಟ್ಟೆ ಇಲ್ಲದ್ದೂ ಬರುತ್ತೆ. ಫ್ಲುಬ್ಲಾಕ್, ಫ್ಲೂಸೆಲ್ವ್ಯಾಕ್ಸ್ ಅಂತ. ಯಾರೂ ಹೇಳಲಿಲ್ವಾ?

ಬೇಸ್ಮೆಂಟ್‌ಕೋಡರ್

ಇಲ್ಲ! ಇಷ್ಟು ವರ್ಷ ಮಾಸ್ಕ್ ಹಾಕಿಕೊಂಡು ಕೂತಿದ್ದೆ, ಒಬ್ಬರೂ ಹೇಳಲಿಲ್ಲ.

ಧಾರವಾಡದ_ಕರಿಕೋಟು

ಇಲ್ಲಿ ಕೂತು ಓದುತ್ತಿದ್ದೇನೆ. ನಮ್ಮ ದೇಶದಲ್ಲಿ ಇದು ಬೇರೆ ದಾರಿ ಹಿಡಿಯಿತು. ಧರ್ಮದ ವಿನಾಯಿತಿ ಅನ್ನುವ ಬಾಗಿಲನ್ನು ಯಾರೂ ಅಷ್ಟಾಗಿ ತಟ್ಟಲಿಲ್ಲ. 2022ರ ಮೇ 2ಕ್ಕೆ ಜೇಕಬ್ ಪುಲಿಯೆಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿ ಪ್ರಕಾರ ದೇಹದ ಮೇಲೆ ಅವರವರಿಗೇ ಹಕ್ಕು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವ ಹಾಗಿಲ್ಲ ಅಂದಿತು. ದೇವರ ಹೆಸರು ಬೇಕಾಗಲೇ ಇಲ್ಲ. ಹಾಗಂತ ಕೋರ್ಟ್ ಲಸಿಕೆ ನೀತಿಯನ್ನು ತಪ್ಪು ಅನ್ನಲಿಲ್ಲ, ಸೋಂಕು ಕಮ್ಮಿ ಇರುವಾಗ ಹಾಕಿಸಿಕೊಳ್ಳದವರಿಗೆ ಮಾತ್ರ ತಡೆ ಒಡ್ಡುವುದು ಸರಿಯಲ್ಲ ಅಂದಿದ್ದು. ಅದಕ್ಕೂ ಮುಂಚೆ, 2021ರ ಡಿಸೆಂಬರ್‌ನಲ್ಲಿ, ಬೆಂಗಳೂರಲ್ಲಿ ಓಮಿಕ್ರಾನ್ ಸಿಕ್ಕಾಗ ಮಾಲ್‌ಗೂ ಥಿಯೇಟರ್‌ಗೂ ಎರಡು ಡೋಸ್ ಬೇಕೇ ಬೇಕು ಅಂತ ಮಾಡಿದ್ದರಲ್ವಾ, ನೆನಪಿರಬೇಕು.

ನಂಬಿಕೆಯ ಗದ್ದಲ ಇಲ್ಲೂ ಆಗಿತ್ತು. 2021ರ ಜೂನ್‌ನಲ್ಲಿ ಕೋವ್ಯಾಕ್ಸಿನ್‌ನಲ್ಲಿ ಕರುವಿನ ಸೀರಮ್ ಇದೆ ಅಂತ ಸುದ್ದಿ ಹರಡಿತು. ಕೋಶ ಬೆಳೆಸುವಾಗ ಬಳಸುತ್ತೇವೆ, ಕೊನೆಗೆ ಸಿಗುವ ಲಸಿಕೆಯಲ್ಲಿ ಅದು ಇರುವುದಿಲ್ಲ ಅಂತ ಕೇಂದ್ರ ಸರ್ಕಾರ ಸ್ಪಷ್ಟನೆ ಕೊಟ್ಟಿತು. ನಮ್ಮ ಮನೆಯಲ್ಲಿ ಅತ್ತೆ ಒಂದು ವಾರ ಯೋಚನೆ ಮಾಡಿ ಆಮೇಲೆ ಹಾಕಿಸಿಕೊಂಡರು.

ಅರಮನೆ_ರಸ್ತೆ

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. 1805ರಲ್ಲಿ ಥಾಮಸ್ ಹಿಕಿ ಅನ್ನುವವನು ಮೈಸೂರು ರಾಣಿಯರ ಚಿತ್ರ ಬರೆದಿದ್ದಾನೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡಿದ್ದೇನೆ ನೋಡಿ ಅಂತ ಜನರಿಗೆ ಹೇಳಲು ಅಂತ ಒಂದು ವಾದ ಇದೆ. ಅದು ಹಸುವಿನ ರೋಗದಿಂದ ಬಂದ ಲಸಿಕೆ. ಸಿಡುಬನ್ನು ಅಮ್ಮ ಅಂತ ಪೂಜೆ ಮಾಡುವ ಊರಲ್ಲಿ ಅವತ್ತು ಎಷ್ಟು ಮಾತಾಗಿರಬೇಡ.

ಎಡಿಸನ್‌ವಾಸಿ

ಚಿತ್ರ ಚೆನ್ನಾಗಿದೆ, ಆದರೆ ಗುಮಾಸ್ತರು ಕೇಳಿದ ಪ್ರಶ್ನೆಗೆ ಮೇಡಂ ಇನ್ನೂ ಉತ್ತರ ಕೊಟ್ಟಿಲ್ಲ. ಇಇಒಸಿಗೆ ದೂರು ಕೊಟ್ಟಿರಾ?

ಬೇಸ್ಮೆಂಟ್‌ಕೋಡರ್

ಕೊಟ್ಟಿದ್ದೆ. 2022ರ ಏಪ್ರಿಲ್‌ನಲ್ಲಿ, ಸಮಯದೊಳಗೇ. ನೀವೇ ಕೋರ್ಟಿಗೆ ಹೋಗಬಹುದು ಅನ್ನುವ ಪತ್ರವೂ 2023ರ ಶುರುವಿನಲ್ಲಿ ಬಂತು. 90 ದಿನ ಹಾಗೇ ಕಳೆಯಲು ಬಿಟ್ಟೆ. ವಕೀಲರ ಫೀಸು ಜಾಸ್ತಿ ಅಂತ ಎಲ್ಲರಿಗೂ ಹೇಳಿದ್ದೆ. ಅದು ನಿಜವಾದ ಕಾರಣ ಅಲ್ಲ.

ಇಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ, ಹೇಳಿಬಿಡುತ್ತೇನೆ. ನಮ್ಮ ಗ್ರೀನ್ ಕಾರ್ಡ್ ಪ್ರಯಾರಿಟಿ ಡೇಟ್, ಅಂದರೆ ಸರದಿ ಹಿಡಿದ ತಾರೀಖು, 2014ರದು. 2022ರಲ್ಲಿ ನಾವಿದ್ದ ಇಬಿ-2 ಸಾಲು ಓಡಿ ಬಂದು ನಮ್ಮ ಡೇಟ್ ಸಿಕ್ಕಿತು. ಮೆಡಿಕಲ್ ಮಾಡಿಸಬೇಕು, ಐ-693 ಫಾರ್ಮ್. 2021ರ ಅಕ್ಟೋಬರ್‌ನಿಂದ ಅದಕ್ಕೂ ಕೋವಿಡ್ ಲಸಿಕೆ ಬೇಕಿತ್ತು. ಧರ್ಮದ ಕಾರಣಕ್ಕೆ ಬೇಡ ಅಂದರೆ ಅದಕ್ಕೆ ಬೇರೆ ಅರ್ಜಿ, ಐ-601, ಅದು ಎಷ್ಟು ದಿನ ಹಿಡಿಯುತ್ತೋ ಯಾರಿಗೂ ಹೇಳಲು ಆಗಲಿಲ್ಲ. ಡೇಟ್ ಮತ್ತೆ ಹಿಂದೆ ಹೋದರೆ? ಹಿರಿಯ ಮಗಳು ಆಗ ಹೈಸ್ಕೂಲ್. 21 ತುಂಬಿದರೆ ಅವಳು ನಮ್ಮ ಅರ್ಜಿಯಿಂದ ಹೊರಗೆ. ಗಂಡ ಒತ್ತಾಯ ಮಾಡಲಿಲ್ಲ. ಅವರು ಸುಮ್ಮನಿದ್ದದ್ದೇ ನನಗೆ ಕಷ್ಟ ಆಯಿತು. ಆಗಸ್ಟ್‌ನಲ್ಲಿ ಫಾರ್ಮಸಿಗೆ ಹೋಗಿ ಹಾಕಿಸಿಕೊಂಡೆ. ಪಾರ್ಕಿಂಗ್‌ನಲ್ಲಿ ಕಾರಲ್ಲಿ ಅರ್ಧ ಗಂಟೆ ಕೂತಿದ್ದೆ.

ಆಮೇಲೆ ಕೋರ್ಟಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ? ಕೆಲಸಕ್ಕೆ ಬೇಡ ಅಂದವಳು ಗ್ರೀನ್ ಕಾರ್ಡ್‌ಗೆ ಹಾಕಿಸಿಕೊಂಡಳು ಅಂತ ಅವರ ವಕೀಲ ಒಂದೇ ಮಾತಲ್ಲಿ ಮುಗಿಸುತ್ತಿದ್ದ. 2025ರ ಜನವರಿಯಲ್ಲಿ ಮೆಡಿಕಲ್‌ಗೆ ಕೋವಿಡ್ ಲಸಿಕೆ ಬೇಡ ಅಂತ ತೆಗೆದುಹಾಕಿದರು. ಆ ಸುದ್ದಿ ಓದಿದ ದಿನ ಅಡುಗೆ ಮಾಡಲಿಲ್ಲ.

ಎಡಿಸನ್‌ವಾಸಿ

ಮೇಡಂ, ಮೊದಲು ಹಾಗೆ ಬರೆದಿದ್ದಕ್ಕೆ ಬೇಜಾರಾಯಿತು. ಲಸಿಕೆ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ, ಆದರೆ ನಿಮ್ಮನ್ನು ಕೆಣಕಬಾರದಿತ್ತು.

ಕ್ವೀನ್ಸ್‌_ನರ್ಸ್

ಹಾಕಿಸಿಕೊಂಡ ಮೇಲೆ ಏನು ಮಾಡಿದಿರಿ? ಕೇಳಬಾರದಿದ್ದರೆ ಬಿಡಿ. ನಮ್ಮಲ್ಲಾದರೆ ಪಾಪನಿವೇದನೆಗೆ ಹೋಗುತ್ತಿದ್ದೆವು.

ಬೇಸ್ಮೆಂಟ್‌ಕೋಡರ್

ಪ್ರಾಯಶ್ಚಿತ್ತ ಅಂತ ಮೂರು ದಿನ ಉಪವಾಸ ಮಾಡಿದೆ, ಬರೀ ಬಿಸಿನೀರು. ಎರಡನೇ ಡೋಸಿಗೂ ಹಾಗೇ. ಮಕ್ಕಳಿಗೆ ಲಸಿಕೆಯ ಸುಸ್ತು ಅಂತ ಹೇಳಿದ್ದೆ.

ಕಡತದ_ಗುಮಾಸ್ತ

ಅಕ್ಕ, ಇದನ್ನು ಹೇಳಲೋ ಬೇಡವೋ ಅಂತ ಯೋಚನೆ ಮಾಡಿದೆ. ಆ ಉಪವಾಸವನ್ನು ಆಗಲೇ ವಕೀಲರಿಗೆ ಹೇಳಿದ್ದರೆ ಅದೇ ಒಂದು ಸಾಕ್ಷಿ ಆಗುತ್ತಿತ್ತೋ ಏನೋ. ಒತ್ತಡಕ್ಕೆ ಬಗ್ಗಿದವರ ನಂಬಿಕೆ ಸುಳ್ಳು ಅಂತ ಕಾನೂನು ಹೇಳುವುದಿಲ್ಲ, ಎದುರಿನವರು ಹಾಗೆ ವಾದ ಮಾಡುತ್ತಾರೆ ಅಷ್ಟೇ. ಓಹಾಯೋದಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ತಿನ್ನದ ಹೆಂಗಸೊಬ್ಬರು ಮಕ್ಕಳ ಆಸ್ಪತ್ರೆಯಲ್ಲಿ ಫ್ಲೂ ಲಸಿಕೆ ಬೇಡ ಅಂದು ಕೆಲಸ ಕಳೆದುಕೊಂಡರು. ಆ ಆಹಾರಪದ್ಧತಿಯೂ ಧರ್ಮದಷ್ಟೇ ಗಾಢವಾದ ನಂಬಿಕೆ ಆಗಿರಬಹುದು ಅಂತ 2012ರಲ್ಲಿ ಜಡ್ಜ್ ಶುರುವಿನಲ್ಲೇ ಕೇಸ್ ತಳ್ಳಿಹಾಕಲು ಒಪ್ಪಲಿಲ್ಲ. ನಿಮ್ಮದಕ್ಕೆ ತುಂಬಾ ಹತ್ತಿರದ ಕೇಸ್.

ಆದರೆ ಈಗ ಬಾಗಿಲು ಮುಚ್ಚಿದೆ. 90 ದಿನ ದಾಟಿದ್ದನ್ನು ಕೋರ್ಟ್ ಮನ್ನಿಸುವುದು ಅಪರೂಪ, ರಾಜ್ಯದ 2 ವರ್ಷವೂ 2023ರ ಡಿಸೆಂಬರ್‌ಗೆ ಮುಗಿದಿದೆ. ಯಾರಾದರೂ ದುಡ್ಡು ಕೊಡಿ, ಮತ್ತೆ ತೆರೆಸುತ್ತೇನೆ ಅಂದರೆ ನಂಬಬೇಡಿ.

ಕೋರಮಂಗಲ_ಎಚ್‌ಆರ್

ಫಾರ್ಮ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಹತ್ತು ವರ್ಷ ಅಮೆರಿಕದ ಕಂಪನಿಗಳಿಗೆ ಜನ ತಗೊಳ್ಳುವ ಕೆಲಸ ಮಾಡಿದ್ದೇನೆ. ಮೊದಲು ಹಳೇ ಆಸ್ಪತ್ರೆಯ ದಾಖಲೆಯಲ್ಲಿ ಏನಿದೆ ಅಂತ ತಿಳಿದುಕೊಳ್ಳಿ. ಹೆಚ್ಚಿನವರು ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ ಇಷ್ಟೇ ಹೇಳುತ್ತಾರೆ. ತೆಗೆದುಹಾಕಿದರಾ ಅಂತ ಹೌದು ಇಲ್ಲ ಪ್ರಶ್ನೆ ಇದ್ದರೆ ಸುಳ್ಳು ಹೇಳಬೇಡಿ, ಆ ರಾಜೀನಾಮೆ ಅಂತ ಬರೆದ ಪತ್ರ ಇಟ್ಟುಕೊಂಡು ಅದರಲ್ಲಿರುವ ಹಾಗೇ ಬರೆಯಿರಿ. ಕಾರಣ ಬರೆಯುವ ಜಾಗದಲ್ಲಿ ಒಂದೇ ಸಾಲು: 2021ರ ಕೋವಿಡ್ ಲಸಿಕೆ ನಿಯಮದ ಕಾರಣ ಕೆಲಸ ಕೊನೆಯಾಯಿತು. ಕಥೆ ಬೇಡ, ಧರ್ಮವೂ ಬೇಡ. ಕೋಡಿಂಗ್‌ನಲ್ಲಿ ನೋಡುವುದು ನಿಮ್ಮ ಸರ್ಟಿಫಿಕೇಟ್ ಚಾಲ್ತಿಯಲ್ಲಿದೆಯಾ, ತಪ್ಪಿಲ್ಲದೆ ಎಷ್ಟು ಚಾರ್ಟ್ ಮಾಡುತ್ತೀರಿ, ಅಷ್ಟೇ. ಮಧ್ಯದ ವರ್ಷ ಖಾಲಿ ಇದೆಯಾ?

ಬೇಸ್ಮೆಂಟ್‌ಕೋಡರ್

ಇಲ್ಲ, ಒಂದು ಸಣ್ಣ ಕ್ಲಿನಿಕ್‌ಗೆ ಗಂಟೆ ಲೆಕ್ಕದಲ್ಲಿ ಮಾಡುತ್ತಿದ್ದೇನೆ, ಸಂಬಳ ಮೊದಲಿನ ಅರ್ಧ. ಸರ್ಟಿಫಿಕೇಟ್ ಬಿಟ್ಟಿಲ್ಲ.

ಒಂದು ತಮಾಷೆ ಹೇಳಲಾ? ನಮ್ಮ ಕೋಡ್ ಪುಸ್ತಕದಲ್ಲಿ ಝಡ್28.1 ಅಂತ ಒಂದಿದೆ. ನಂಬಿಕೆಯ ಕಾರಣಕ್ಕೋ ಗುಂಪಿನ ಒತ್ತಡಕ್ಕೋ ರೋಗಿ ಲಸಿಕೆ ಬೇಡ ಅಂದರೆ ಹಾಕುವ ಕೋಡ್. ಎರಡಕ್ಕೂ ಒಂದೇ ಕೋಡ್, ಬೇರೆ ಮಾಡಲು ಆಗುವುದಿಲ್ಲ. ಆ ಆಸ್ಪತ್ರೆಯಲ್ಲಿ ಐದು ವರ್ಷ ನಾನೇ ಎಷ್ಟು ಜನಕ್ಕೆ ಹಾಕಿದ್ದೇನೋ ಲೆಕ್ಕ ಇಲ್ಲ, ಒಂದು ಸಲವೂ ನಿಂತು ಯೋಚನೆ ಮಾಡಿರಲಿಲ್ಲ.

ಬೇಸ್ಮೆಂಟ್‌ಕೋಡರ್

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಚ್‌ಆರ್ ಮೇಡಂ ಹೇಳಿದ ಸಾಲನ್ನೇ ಹಾಕಿ ಕಳಿಸಿದೆ. ಸೋಮವಾರ ಕೋಡಿಂಗ್ ಟೆಸ್ಟ್ ಇದೆ ಅಂತ ಇವತ್ತು ಮೇಲ್ ಬಂತು. ಇದೂ ಆಸ್ಪತ್ರೆಯೇ, ಮನೆಯಿಂದಲೇ ಕೆಲಸ. ಷರತ್ತುಗಳ ಪಟ್ಟಿಯಲ್ಲಿ ಫ್ಲೂ ಲಸಿಕೆ ಇದೆ, ಕೋವಿಡ್ ಇಲ್ಲ.

ಕ್ವೀನ್ಸ್‌_ನರ್ಸ್

ಫ್ಲೂದು ಮೊಟ್ಟೆ ಇಲ್ಲದ್ದು ಬೇಕು ಅಂತ ಈಗಲೇ ಕೇಳಿ ಇಡಿ. ಫಾರ್ಮಸಿಯಲ್ಲಿ ಕೆಲವು ಸಲ ಮುಂಚೆ ಹೇಳಿದರೆ ಮಾತ್ರ ತರಿಸುತ್ತಾರೆ. ಅದೂ ಮನಸ್ಸಿಗೆ ಒಪ್ಪದಿದ್ದರೆ ಈ ಸಲ ಪತ್ರ ನೀವೇ ಬರೆಯಿರಿ ಮಾರಾಯ್ರೆ, ಕನ್ನಡದಲ್ಲಿ ಬರೆದು ನನಗೆ ಕಳಿಸಿ, ಇಂಗ್ಲಿಷ್ ನಾನು ಮಾಡಿಕೊಡುತ್ತೇನೆ. ಕ್ಯಾಪ್ಸೂಲ್ ವಿಷಯ ಮೊದಲ ಸಾಲಿನಲ್ಲೇ ಹಾಕಿ.